ಬಂಡೆಯ ಕತೆ, ಬಸವಪ್ಪನ ತೀರ್ಪು

ರಾಮನಗರ, ಚನ್ನಪಟ್ಟಣ, ಕನಕಪುರ ಮತ್ತು ಮಾಗಡಿ ಸೀಮೆಯಲ್ಲಿ ದೇವರಿಲ್ಲದ ಬೆಟ್ಟವನ್ನು ಹುಡುಕುವುದು ಕಷ್ಟ. ರಾಮದೇವರ ಬೆಟ್ಟ, ರೇವಣಸಿದ್ಧೇಶ್ವರ ಬೆಟ್ಟ, ಕಬ್ಬಾಳಮ್ಮನ ನೆಲೆಯಾದ ಕಬ್ಬಾಳುದುರ್ಗ, ನರಸಿಂಹ ಮತ್ತು ವೀರಭದ್ರರ ಗುಡಿಗಳನ್ನು ಬುಡದಲ್ಲಿ ಇರಿಸಿಕೊಂಡ ಸಾವನದುರ್ಗ, ಇವುಗಳಲ್ಲಿ ಪ್ರತಿಯೊಂದಕ್ಕೂ ತನ್ನದೇ ಆದ ಸ್ಥಳಪುರಾಣ, ಅಂದರೆ ಆ ನೆಲಕ್ಕೆ ಪಾವಿತ್ರ್ಯ ಬಂದ ಬಗೆಯನ್ನು ಹೇಳುವ ಕತೆ ಇದೆ. ಇಂಥ ನಂಬಿಕೆಗಳು ಎಲ್ಲಿಂದ ಹುಟ್ಟಿದವು ಎಂಬುದು ಒಂದು ಪ್ರಶ್ನೆ. ಅವು ನಿಜವೇ ಎಂಬುದು ಬೇರೆಯೇ ಪ್ರಶ್ನೆ. ನಂಬಿಕೆಯೊಂದು ಭಯದಿಂದಲೋ ಬಯಕೆಯಿಂದಲೋ ಹುಟ್ಟಿತೆಂದು ತೋರಿಸಿದ ಮಾತ್ರಕ್ಕೆ ಅದು ಸುಳ್ಳಾಗುವುದಿಲ್ಲ, ಪುರಾತನವಾದುದೆಂದು ತೋರಿಸಿದ ಮಾತ್ರಕ್ಕೆ ನಿಜವೂ ಆಗುವುದಿಲ್ಲ.

ರಾಮದೇವರ ಬೆಟ್ಟದ ಕತೆಯಲ್ಲಿ ವನವಾಸದ ರಾಮ ಇಲ್ಲಿ ತಂಗಿದ್ದನು, ಸೀತೆಯನ್ನು ಕಾಡಿದ ಕಾಕಾಸುರನನ್ನು ಇಲ್ಲಿಯೇ ದಂಡಿಸಿದನು, ಆದ್ದರಿಂದಲೇ ಇಂದಿಗೂ ಬೆಟ್ಟದ ಮೇಲೆ ಕಾಗೆಗಳು ಸುಳಿಯುವುದಿಲ್ಲ. ವಾಲ್ಮೀಕಿ ರಾಮಾಯಣದ ಸುಂದರಕಾಂಡದಲ್ಲಿ ಸೀತೆ ಹನುಮಂತನಿಗೆ ಗುರುತಾಗಿ ಹೇಳುವ ಈ ಪ್ರಸಂಗ ನಡೆದದ್ದು ಚಿತ್ರಕೂಟದ ಬಳಿ. ಮಹಾಕಾವ್ಯದ ಘಟನೆಯನ್ನು ಜನ ತಮ್ಮ ಊರಿನ ಬೆಟ್ಟಕ್ಕೆ ತಂದು ನಿಲ್ಲಿಸಿಕೊಂಡಿದ್ದಾರೆ, ಮತ್ತು ಭಾರತದ ಉದ್ದಗಲಕ್ಕೂ ರಾಮಾಯಣ ಬದುಕಿ ಉಳಿದದ್ದು ಹೀಗೆಯೇ. ಕಾಗೆಯ ಮಾತು ಮಾತ್ರ ಸ್ವಲ್ಪ ಬೇರೆ ಬಗೆಯದು. ಅದು ಕಣ್ಣಾರೆ ನೋಡಿ, ಎಣಿಸಿ ಪರೀಕ್ಷಿಸಬಹುದಾದ ಹೇಳಿಕೆ. ಕಾಗೆ ಮನುಷ್ಯರ ಮನೆ, ಅನ್ನ, ಕಸಗಳ ಬೆನ್ನು ಹತ್ತುವ ಹಕ್ಕಿಯಾದ್ದರಿಂದ, ಬೋಳು ಬಂಡೆಯ ಮೇಲೆ ಅದು ವಿರಳವಾಗಿದ್ದರೆ ಅದಕ್ಕೆ ಸಾದಾ ಕಾರಣವೂ ಸಿಗುತ್ತದೆ.

ಬ್ರಿಟಿಷ್ ಅಧಿಕಾರಿ ಬ್ಯಾರಿ ಕ್ಲೋಸ್‌ನಿಂದಾಗಿ ಒಂದು ಕಾಲಕ್ಕೆ ಕ್ಲೋಸ್‌ಪೇಟೆ ಎನಿಸಿದ್ದ ರಾಮನಗರದ ಹೆಸರಿನಲ್ಲಿಯೇ ಭೂವಿಜ್ಞಾನಿಗಳು ಇಲ್ಲಿನ ಶಿಲೆಯನ್ನು ಕ್ಲೋಸ್‌ಪೇಟೆ ಗ್ರಾನೈಟ್ ಎಂದು ಕರೆಯುತ್ತಾರೆ; ಅದರ ವಯಸ್ಸು ಸುಮಾರು 250 ಕೋಟಿ ವರ್ಷ. ಕನಕಪುರದ ದಕ್ಷಿಣಕ್ಕೆ, ಅರ್ಕಾವತಿ ಕಾವೇರಿಯನ್ನು ಸೇರುವ ಸಂಗಮದ ಕೆಳಗೆ, ಹುಲಿಗೆ ಹೆದರಿದ ಮೇಕೆ ಹಾರಿ ದಾಟಿತೆನ್ನುವ ಮೇಕೆದಾಟಿನಲ್ಲಿ ಬಂಡೆಯ ಕುಳಿಗಳನ್ನು ಕೊರೆದದ್ದು ನೀರಿನ ಸುಳಿಯಲ್ಲಿ ತಿರುಗಿದ ಉರುಟು ಕಲ್ಲುಗಳು. ಆದರೆ ಇಷ್ಟು ಅಗಾಧವಾದ ಕಲ್ಲಿನ ಎದುರು ನಿಂತ ಮನುಷ್ಯ ಇದರ ಹಿಂದೆ ಯಾರೋ ಇದ್ದಾರೆಂದು ಭಾವಿಸುವುದು ಸಹಜ. ನಿರ್ಜೀವ ವಸ್ತುಗಳಲ್ಲಿಯೂ ಇಚ್ಛೆಯುಳ್ಳ ಜೀವವನ್ನು ಕಾಣುವ ಈ ಮನೋಧರ್ಮವನ್ನು ಧರ್ಮದ ಬೇರುಗಳಲ್ಲೊಂದೆಂದು ತತ್ವಜ್ಞಾನಿ ಡೇವಿಡ್ ಹ್ಯೂಮ್ 1757ರಲ್ಲಿಯೇ ಗುರುತಿಸಿದ್ದನು.

ಚನ್ನಪಟ್ಟಣದ ಬಳಿಯ ದೊಡ್ಡಮಳೂರಿನ ಅಪ್ರಮೇಯ ದೇವಾಲಯದಲ್ಲಿ ನಂಬಿಕೆಗೆ ಇನ್ನೊಂದು ಬೇರು ಕಾಣುತ್ತದೆ. ಮಕ್ಕಳಿಲ್ಲದ ದಂಪತಿಗಳು ಅಂಬೆಗಾಲು ಕೃಷ್ಣನಿಗೆ ಹರಕೆ ಹೊತ್ತು, ಮಗುವಾದ ಬಳಿಕ ತೊಟ್ಟಿಲು ಒಪ್ಪಿಸುತ್ತಾರೆ. ಹರಕೆ ಫಲಿಸಿದವರ ತೊಟ್ಟಿಲು ಎಲ್ಲರಿಗೂ ಕಾಣುತ್ತದೆ, ಫಲಿಸದವರ ಮೌನ ಯಾರಿಗೂ ಕಾಣುವುದಿಲ್ಲ. ಹಡಗು ಮುಳುಗಿಯೂ ಬದುಕುಳಿದವರು ದೇಗುಲಕ್ಕೆ ಒಪ್ಪಿಸಿದ್ದ ಚಿತ್ರಗಳನ್ನು ತೋರಿಸಿದಾಗ, ಮುಳುಗಿ ಸತ್ತವರ ಚಿತ್ರಗಳೆಲ್ಲಿ ಎಂಬರ್ಥದಲ್ಲಿ ಗ್ರೀಸಿನ ಡಯಾಗೊರಾಸ್ ಕೇಳಿದ್ದನ್ನು ರೋಮಿನ ಲೇಖಕ ಸಿಸೆರೊ ದಾಖಲಿಸಿದ್ದಾನೆ. ತೊಟ್ಟಿಲುಗಳು ಹರಕೆಯ ಫಲವನ್ನು ಸಾಬೀತುಪಡಿಸಲಾರವು. ಹಾಗೆಂದು ವರ್ಷಗಟ್ಟಲೆ ಊರವರ ಮಾತು ಕೇಳಿ ನೊಂದ ಹೆಣ್ಣಿಗೆ ಆ ಗುಡಿ ಕೊಡುವ ಸಮಾಧಾನ ಸುಳ್ಳಲ್ಲ, ಅದನ್ನು ಕಸಿಯುವ ಹಕ್ಕು ಯಾವ ವಿಚಾರವಾದಿಗೂ ಇಲ್ಲ.

ಈ ಸೀಮೆಯಲ್ಲಿ ಎಲ್ಲಕ್ಕಿಂತ ಎಚ್ಚರದಿಂದ ನೋಡಬೇಕಾದುದು ಬಸವಪ್ಪನ ನಂಬಿಕೆ. ದೇವರ ಹೆಸರಿಗೆ ಬಿಟ್ಟ, ಮೈಮೇಲೆ ವಸ್ತ್ರ ಹೊದಿಸಿ ಊರೂರಿಗೆ ಕರೆದೊಯ್ಯುವ ಈ ಎತ್ತು ಇಲ್ಲಿ ಬರಿಯ ಪೂಜೆಯ ಪ್ರಾಣಿಯಲ್ಲ, ನ್ಯಾಯಾಧೀಶನೂ ಹೌದು. ಒಡ್ಡಿದ ಅಂಗೈ ಮೇಲೆ ಅದು ಕಾಲಿಟ್ಟರೆ, ಅಂದರೆ ‘ಪಾದ ಕೊಟ್ಟರೆ’, ಸಮ್ಮತಿ ಎಂದರ್ಥ. ಗುಡಿಗೆ ಪೂಜಾರಿಯನ್ನು ಆರಿಸುವುದರಿಂದ ಹಿಡಿದು ಕಳ್ಳನನ್ನು ತೋರಿಸುವವರೆಗೆ ಅದರ ತೀರ್ಪನ್ನು ಕೇಳಲಾಗುತ್ತದೆ. ಕೋರ್ಟು ದೂರವಿದ್ದು, ವಕೀಲರ ಖರ್ಚು ಕೈಗೆಟುಕದಿದ್ದ ಹಳ್ಳಿಗೆ ಯಾವ ಜಾತಿಗೂ ಯಾವ ಪಕ್ಷಕ್ಕೂ ಸೇರದ ಮೂಕಪ್ರಾಣಿಯ ತೀರ್ಪು ನಿಷ್ಪಕ್ಷಪಾತವೆನಿಸಿದ್ದರಲ್ಲಿ ಅರ್ಥವಿದೆ. ಬಸವಪ್ಪ ಬರುತ್ತಾನೆಂಬ ಭಯಕ್ಕೇ ಕದ್ದವನು ಒಪ್ಪಿಕೊಳ್ಳುವ ಸಂಭವವೂ ಉಂಟು.

ಆದರೆ ಎತ್ತಿಗೆ ಕಳ್ಳ ಯಾರೆಂಬುದು ತಿಳಿದಿದೆಯೇ? 1904ರ ಸುಮಾರಿಗೆ ಬರ್ಲಿನ್ನಿನಲ್ಲಿ ಹ್ಯಾನ್ಸ್ ಎಂಬ ಕುದುರೆ ಲೆಕ್ಕದ ಪ್ರಶ್ನೆಗಳಿಗೆ ಗೊರಸು ತಟ್ಟಿ ಸರಿಯಾಗಿ ಉತ್ತರಿಸುತ್ತಿತ್ತು. ಮನೋವಿಜ್ಞಾನಿ ಆಸ್ಕರ್ ಫಂಗ್ಸ್ಟ್ ಪರೀಕ್ಷಿಸಿದಾಗ, ಪ್ರಶ್ನೆ ಕೇಳುವವನಿಗೇ ಉತ್ತರ ಗೊತ್ತಿಲ್ಲದಿದ್ದರೆ ಅಥವಾ ಅವನು ಕುದುರೆಯ ಕಣ್ಣಿಗೆ ಬೀಳದಿದ್ದರೆ ಅದು ಸೋಲುತ್ತಿದ್ದುದು ಕಂಡುಬಂತು. ಸರಿಯಾದ ಸಂಖ್ಯೆ ಬಂದೊಡನೆ ಕೇಳುವವನ ತಲೆಯಲ್ಲಿ ತನಗರಿವಿಲ್ಲದೆ ಉಂಟಾಗುವ ಸೂಕ್ಷ್ಮ ಚಲನೆಯನ್ನು ಅದು ಓದುತ್ತಿತ್ತು. ಮೋಸ ಯಾರೂ ಮಾಡಿರಲಿಲ್ಲ. ಸುತ್ತ ನೆರೆದ ಊರಿನ ಕಣ್ಣುಗಳು ಮೊದಲೇ ಒಬ್ಬನ ಮೇಲೆ ನೆಟ್ಟಿದ್ದರೆ, ಜನರ ನಡುವೆಯೇ ಪಳಗಿದ ಎತ್ತು ಅತ್ತ ಹೆಜ್ಜೆ ಹಾಕುವುದಕ್ಕೆ ದೈವಜ್ಞಾನ ಬೇಕಿಲ್ಲ. ಹಾಗಾದಾಗ ಎತ್ತಿನ ಬಾಯಿಂದ ಹೊರಬೀಳುವುದು ಊರಿನ ಸಂಶಯವೇ, ಮತ್ತು ಊರಿನ ಸಂಶಯ ಸಾಮಾನ್ಯವಾಗಿ ಬಡವನ, ಪರಸ್ಥಳದವನ, ಕೂಲಿಯವನ ಮೇಲೆಯೇ ಬೀಳುತ್ತದೆ.

ಆಫ್ರಿಕಾದ ಅಜಾಂಡೆ ಜನರು ಕೋಳಿಗೆ ವಿಷ ತಿನ್ನಿಸಿ ಕಣಿ ಕೇಳುವುದನ್ನು ಅಭ್ಯಸಿಸಿದ ಮಾನವಶಾಸ್ತ್ರಜ್ಞ ಎವಾನ್ಸ್-ಪ್ರಿಚರ್ಡ್ 1937ರ ಗ್ರಂಥದಲ್ಲಿ, ಕಣಿ ತಪ್ಪಿದಾಗಲೂ ವಿಷ ಕೆಟ್ಟಿತ್ತು, ನಿಷೇಧ ಮುರಿದಿತ್ತು ಎಂಬ ವಿವರಣೆಗಳು ಸಿದ್ಧವಾಗಿರುವುದರಿಂದ ನಂಬಿಕೆ ಅಲುಗುವುದಿಲ್ಲವೆಂದು ತೋರಿಸಿದನು. ಸೋಲಿಗೆ ಮೈಲಿಗೆಯನ್ನೋ ಬಾಕಿ ಹರಕೆಯನ್ನೋ ಕಾರಣವಾಗಿ ಹೇಳುವಲ್ಲೆಲ್ಲ ಇದೇ ತರ್ಕವಿದೆ. ಯಾವ ಫಲಿತಾಂಶದಿಂದಲೂ ತಪ್ಪೆಂದು ತೋರದ ತೀರ್ಪು ಸತ್ಯದ ಪ್ರಮಾಣವಾಗಲಾರದು.

ರಾಮನು ಈ ಬೆಟ್ಟದಲ್ಲಿ ತಂಗಿದನೆಂದು ನಂಬುವವರಿಂದ ಯಾರಿಗೂ ಹಾನಿಯಿಲ್ಲ, ತೊಟ್ಟಿಲು ಕಟ್ಟುವವರು ವೈದ್ಯರ ಬಳಿಗೂ ಹೋದರೆ ಅಲ್ಲಿಯೂ ಇಲ್ಲ. ಒಬ್ಬ ಮನುಷ್ಯನ ಮಾನ ಪಣಕ್ಕಿರುವಾಗ ಮಾತ್ರ ನಂಬಿಕೆ ಸಾಕ್ಷ್ಯಕ್ಕೆ ತಲೆಬಾಗಬೇಕು. ಬಸವಪ್ಪನಿಗೆ ಪೂಜೆ ಸಲ್ಲಲಿ. ಆದರೆ ಅವನು ಎದುರು ನಿಂತನೆಂಬ ಒಂದೇ ಕಾರಣಕ್ಕೆ ಊರು ಯಾರನ್ನೂ ಕಳ್ಳನೆಂದು ಕರೆಯಬಾರದು.