ಶಿಕಾಗೊ ಪೊಲೀಸ್ ಮುಖ್ಯಸ್ಥ ಕೂಡಿಟ್ಟ ಐರಿಷ್ ಮಟ್ಟುಗಳು

ಐರ್ಲೆಂಡಿನ ಸಾಂಪ್ರದಾಯಿಕ ವಾದ್ಯಸಂಗೀತ ಬಹುಪಾಲು ಕುಣಿತದ ಸಂಗೀತ. ಪಿಟೀಲು, ಕೊಳಲು, ಮೊಣಕೈಯಡಿಯ ತಿದಿ ಒತ್ತಿ ಗಾಳಿ ತುಂಬುವ ಇಲನ್ ಪೈಪ್ ಅದರ ಮುಖ್ಯ ವಾದ್ಯಗಳು. ರೀಲ್, ಜಿಗ್, ಹಾರ್ನ್‌ಪೈಪ್ ಮುಂತಾದ ಕುಣಿತಗಳ ಮಟ್ಟುಗಳನ್ನು ಹಳ್ಳಿಗರು ಹೆಚ್ಚಾಗಿ ಕೇಳಿಯೇ ಕಲಿಯುತ್ತಿದ್ದರು. ಓಡಾಟ ಕಡಿಮೆಯಿದ್ದ ಕಾಲದಲ್ಲಿ ಸೀಮೆಗೊಂದು ಬಾನಿ ಬೆಳೆದದ್ದು ಸಹಜವೇ. ಡೊನೆಗಾಲ್ ಪಿಟೀಲುಗಾರರ ಕಮಾನು ಬಿರುಸು, ಸ್ವರಗಳು ಬಿಡಿಬಿಡಿ. ಸ್ಲೈಗೊದವರದು ಅಲಂಕಾರ ತುಂಬಿದ ಲವಲವಿಕೆಯ ವಾದನ. ಕೆರ್ರಿ ಮತ್ತು ಕಾರ್ಕ್ ಗಡಿಯ ಸ್ಲೀವ್ ಲೂಕ್ರ ಸೀಮೆಯಲ್ಲಿ ಪೋಲ್ಕಾಗಳದೇ ಕಾರುಬಾರು.

1845ರಲ್ಲಿ ಆಲೂಗಡ್ಡೆ ಬೆಳೆಗೆ ರೋಗ ಬಡಿದು ಆರಂಭವಾದ ಕ್ಷಾಮದಲ್ಲಿ ಸುಮಾರು 10 ಲಕ್ಷ ಜನ ಸತ್ತರು. ಅದಕ್ಕೆ ಕಡಿಮೆಯಿಲ್ಲದಷ್ಟು ಮಂದಿ ಹಡಗು ಹತ್ತಿದರು. ವಲಸೆ ಅಲ್ಲಿಗೆ ನಿಲ್ಲಲಿಲ್ಲ. 80 ಲಕ್ಷ ದಾಟಿದ್ದ ಜನಸಂಖ್ಯೆ 1901ರ ಹೊತ್ತಿಗೆ 45 ಲಕ್ಷದ ಆಸುಪಾಸಿಗೆ ಇಳಿದಿತ್ತು. ನುಡಿಸುವವರು, ಕುಣಿಯುವವರು ಇಬ್ಬರೂ ಊರು ಬಿಟ್ಟ ಮೇಲೆ ಎಷ್ಟೋ ಮಟ್ಟುಗಳು ಅವರೊಂದಿಗೇ ಹೋದವು.

ಹಾಗೆ ಹೋದವುಗಳನ್ನು ಹಿಡಿದಿಟ್ಟವನು ಫ್ರಾನ್ಸಿಸ್ ಓನೀಲ್. ಕಾರ್ಕ್ ಕೌಂಟಿಯ ಬ್ಯಾಂಟ್ರಿ ಬಳಿಯ ಟ್ರಾಲಿಬೇನ್‌ನಲ್ಲಿ 1848ರಲ್ಲಿ ಹುಟ್ಟಿದ ಈತ ಹದಿಹರೆಯದಲ್ಲೇ ಮನೆ ಬಿಟ್ಟು ಹಡಗಿನ ಕೆಲಸಕ್ಕೆ ಸೇರಿದ. 1873ರಲ್ಲಿ ಶಿಕಾಗೊದಲ್ಲಿ ಪೊಲೀಸ್ ಪೇದೆಯಾದ. 1901ರಲ್ಲಿ ಇಡೀ ನಗರದ ಪೊಲೀಸ್ ಪಡೆಯ ಮುಖ್ಯಸ್ಥನಾದ. ತವರಿನಲ್ಲಿ ಬೇರೆ ಬೇರೆ ಮೂಲೆಗಳಲ್ಲಿ ಇದ್ದುಬಿಡುತ್ತಿದ್ದ ವಾದಕರು ಶಿಕಾಗೊದಲ್ಲಿ ಅಕ್ಕಪಕ್ಕದ ಬೀದಿಗಳಲ್ಲಿ ಸಿಗುತ್ತಿದ್ದರು. ಕಾರ್ಕ್‌ನವನ ಮಟ್ಟು, ಮೇಯೊದವನ ಮಟ್ಟು ಒಂದೇ ಸಂಜೆ ಕೇಳಬಹುದಿತ್ತು. ಒಳ್ಳೆಯ ವಾದಕ ಕಂಡರೆ ಓನೀಲ್ ಅವನಿಗೆ ಪೊಲೀಸ್ ಕೆಲಸ ಕೊಡಿಸುತ್ತಿದ್ದನೆಂಬ ಮಾತೂ ಇದೆ.

ಕೊಳಲು ನುಡಿಸುತ್ತಿದ್ದ ಓನೀಲನಿಗೆ ಮಟ್ಟುಗಳು ಬಾಯಿಪಾಠ. ಸ್ವರಲಿಪಿ ಬರೆಯಲು ಮಾತ್ರ ಬಾರದು. ಅವನು ನುಡಿಸಿದ್ದನ್ನು, ಗುನುಗಿದ್ದನ್ನು ಅದೇ ಪಡೆಯಲ್ಲಿದ್ದ ಜೇಮ್ಸ್ ಓನೀಲ್ ಎಂಬ ಪಿಟೀಲುಗಾರ ಬರೆದುಕೊಳ್ಳುತ್ತಿದ್ದ. ಹೆಸರು ಒಂದೇ ಆದರೂ ಇಬ್ಬರೂ ನೆಂಟರಲ್ಲ. 1903ರಲ್ಲಿ 1,850 ಮಟ್ಟುಗಳ ಸಂಪುಟ ಹೊರಬಂತು. 1907ರಲ್ಲಿ 1,001 ಕುಣಿತದ ಮಟ್ಟುಗಳ ಇನ್ನೊಂದು. ಈ ಎರಡನೆಯದು ತವರಿನ ವಾದಕರ ಕೈಪಿಡಿಯೇ ಆಗಿಹೋಯಿತು.

ಪುಸ್ತಕದ ಹಿಂದೆಯೇ ಗ್ರಾಮಫೋನ್ ಬಂತು. ಸ್ಲೈಗೊದ ಹಳ್ಳಿಯಲ್ಲಿ 1891ರಲ್ಲಿ ಹುಟ್ಟಿ 1914ರಲ್ಲಿ ಅಮೆರಿಕ ಸೇರಿದ ಮೈಕೆಲ್ ಕೋಲ್‌ಮನ್ 1921ರಿಂದ ನ್ಯೂಯಾರ್ಕ್‌ನಲ್ಲಿ ಪಿಟೀಲು ಧ್ವನಿಮುದ್ರಿಸತೊಡಗಿದ. ತಟ್ಟೆಯ ಒಂದು ಮಗ್ಗುಲಿಗೆ ಮೂರು ನಿಮಿಷ ಸಿಕ್ಕರೆ ಹೆಚ್ಚು. ಅಷ್ಟರಲ್ಲೇ ಎರಡು ಮೂರು ಮಟ್ಟುಗಳನ್ನು ಒಂದರ ಬಾಲಕ್ಕೆ ಇನ್ನೊಂದನ್ನು ಕಟ್ಟಿ ನುಡಿಸುತ್ತಿದ್ದ. ಅವನ ಕಮಾನು ಅದ್ಭುತ. ಕೆಲವು ಮುದ್ರಿಕೆಗಳಲ್ಲಿ ಜೊತೆಗಿರುವ ಪಿಯಾನೊ ಮಾತ್ರ ಕೇಳಲಾಗದಷ್ಟು ಅಪಸ್ವರ. ನೆಂಟರು ಈ ತಟ್ಟೆಗಳನ್ನು ಊರಿಗೆ ಕಳಿಸಿದರು. ಮನೆಮನೆಯಲ್ಲಿ ಜನ ಅವನ್ನು ಮತ್ತೆ ಮತ್ತೆ ಹಾಕಿ ಸ್ವರಕ್ಕೆ ಸ್ವರ ಅನುಕರಿಸಿದರು. ‘ಟಾರ್ಬೋಲ್ಟನ್’ನಿಂದ ಆರಂಭವಾಗುವ ಅವನ ಮೂರು ರೀಲ್‌ಗಳನ್ನು ಇವತ್ತಿಗೂ ವಾದಕರು ಅವನದೇ ಕ್ರಮದಲ್ಲಿ ನುಡಿಸುತ್ತಾರೆ.

ಇದರಿಂದ ನಷ್ಟವೂ ಆಯಿತು. ಸ್ಲೈಗೊ ಬಾನಿಯೇ ಶ್ರೇಷ್ಠ ಎಂಬ ಭಾವನೆ ಬೇರೂರಿ, ಹಲವು ಸೀಮೆಗಳ ಬಾನಿಗಳು ಮೂಲೆಗುಂಪಾದವು. ಸ್ಲೀವ್ ಲೂಕ್ರ ಬಾನಿ ಉಳಿದದ್ದರಲ್ಲಿ ಪಾಡ್ರಿಗ್ ಓಕೀಫ್ ಎಂಬ ಮೇಷ್ಟರ ಪಾಲು ದೊಡ್ಡದು. ಅವರು ಮನೆಯಿಂದ ಮನೆಗೆ ನಡೆದು ಪಾಠ ಹೇಳುತ್ತಿದ್ದರು; ಯಾವ ತಂತಿ, ಯಾವ ಬೆರಳು ಎಂದು ಅಂಕಿಗಳಲ್ಲಿ ತೋರಿಸುವ ತಮ್ಮದೇ ಲಿಪಿಯಲ್ಲಿ ಶಿಷ್ಯರಿಗೆ ಮಟ್ಟು ಬರೆದುಕೊಡುತ್ತಿದ್ದರು.

ಪಬ್ಬಿನಲ್ಲಿ ಸುತ್ತ ಕುಳಿತು ನುಡಿಸುವ ‘ಸೆಷನ್’ ಐರ್ಲೆಂಡಿನ ಅನಾದಿ ಪದ್ಧತಿಯೆಂದೇ ಪ್ರವಾಸಿಗರು ನಂಬುತ್ತಾರೆ. ಅದು ರೂಪ ಪಡೆದದ್ದು ಬಹುಮಟ್ಟಿಗೆ ಎರಡನೆಯ ಮಹಾಯುದ್ಧದ ನಂತರದ ಲಂಡನ್ನಿನಲ್ಲಿ, ಕಟ್ಟಡ ಕೆಲಸಕ್ಕೆ ಹೋಗಿದ್ದ ಐರಿಷ್ ಕೂಲಿಗಳ ನಡುವೆ. ಈ ಸಂಗೀತವನ್ನು ಉಳಿಸಿ ಬೆಳೆಸಲೆಂದು ಐರ್ಲೆಂಡಿನಲ್ಲಿ 1951ರಲ್ಲಿ ಸ್ಥಾಪನೆಯಾದ ಕೋಲ್ಟಸ್ ಸಂಸ್ಥೆ ಪ್ರತಿವರ್ಷ ನಡೆಸುವ ‘ಫ್ಲಾ’ ಉತ್ಸವದ ಸ್ಪರ್ಧೆಗಳಿಗೆ ಬ್ರಿಟನ್, ಉತ್ತರ ಅಮೆರಿಕಗಳಲ್ಲೂ ಅರ್ಹತಾ ಸುತ್ತುಗಳಿವೆ. ಅಲ್ಲಿ ಹುಟ್ಟಿ ಬೆಳೆದ ಮಕ್ಕಳು ಬಂದು ಬಹುಮಾನ ಗೆದ್ದು ಹೋಗುವುದು ಈಗ ಯಾರಿಗೂ ಸೋಜಿಗವಲ್ಲ.

ಓನೀಲ್ 1936ರಲ್ಲಿ ತೀರಿಕೊಂಡ. ಅವನ ಬಳಗದವರು ಮೇಣದ ಸಿಲಿಂಡರುಗಳಲ್ಲಿ ಮುದ್ರಿಸಿದ್ದ ವಾದನ ಕಳೆದೇಹೋಯಿತೆಂದು ಎಲ್ಲರೂ ಕೈಚೆಲ್ಲಿದ್ದರು. 2003ರಲ್ಲಿ ಮಿಲ್ವಾಕಿ ನಗರದ ಒಂದು ಕುಟುಂಬದಲ್ಲಿ ಆ ಸಿಲಿಂಡರುಗಳ ಒಂದು ಕಟ್ಟು ಸಿಕ್ಕಿತು. ಅವುಗಳ ಧ್ವನಿ ಈಗ ಅಂತರ್ಜಾಲದಲ್ಲಿ ಯಾರು ಬೇಕಾದರೂ ಕೇಳಲು ಲಭ್ಯವಿದೆ.