ನೀರು ಕುಡಿಯುವ ನೆಲ

ಮಕ್ಕಳೇ, ನೆಲ ನೀರು ಕುಡಿಯುವುದನ್ನು ನೋಡಿದ್ದೀರಾ? ನಿಮ್ಮ ಅಜ್ಜಿಯ ಮನೆಯ ಪಡಸಾಲೆಯಲ್ಲೋ ಜಗಲಿಯಲ್ಲೋ ಇಟ್ಟಿಗೆ ಅಥವಾ ಕೆಂಪು ಮಣ್ಣಿನ ಚೌಕ ಹೆಂಚು ಹಾಸಿದ್ದರೆ, ಅದರ ಮೇಲೆ ಒಂದು ಚಮಚ ನೀರು ಹಾಕಿ ನೋಡಿ. ಸ್ವಲ್ಪ ಹೊತ್ತಿನಲ್ಲಿ ನೀರು ಇಂಗಿ, ಗಾಢ ಕೆಂಪು ಗುರುತು ಮಾತ್ರ ಉಳಿಯುತ್ತದೆ. ಗ್ರಾನೈಟ್ ಮೇಲೆ ಅದೇ ನೀರು ಹಾಗೆಯೇ ನಿಂತಿರುತ್ತದೆ. ಇಟ್ಟಿಗೆ ನೆಲದ ಆರೈಕೆಯ ಗುಟ್ಟೆಲ್ಲ ಈ ಒಂದು ಚಮಚ ನೀರಿನಲ್ಲೇ ಇದೆ.

ಜೇಡಿಮಣ್ಣಿನ ಇಟ್ಟಿಗೆಯನ್ನು ಭಟ್ಟಿಯಲ್ಲಿ ಸುಮಾರು 900ರಿಂದ 1000 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಸುಡುತ್ತಾರೆ. ಮಣ್ಣು ಗಟ್ಟಿಯಾದರೂ ಅದರೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ರಂಧ್ರಗಳು ಉಳಿಯುತ್ತವೆ. ಸಾಮಾನ್ಯ ಇಟ್ಟಿಗೆ ತನ್ನ ತೂಕದ ಶೇ 20ಕ್ಕಿಂತ ಹೆಚ್ಚು ನೀರು ಹೀರಬಾರದು ಎಂಬುದು ನಮ್ಮ ದೇಶದ ಗುಣಮಟ್ಟದ ನಿಯಮ. ಅಂದರೆ 3 ಕಿಲೋ ತೂಗುವ ಒಣ ಇಟ್ಟಿಗೆಯನ್ನು ಒಂದು ದಿನ ನೀರಿನಲ್ಲಿ ನೆನೆಸಿಟ್ಟು ತೂಗಿದರೆ 3 ಕಿಲೋ 600 ಗ್ರಾಂ ದಾಟಬಾರದು. ಇದನ್ನು ನೀವೇ ಪರೀಕ್ಷಿಸಬಹುದು.

ಇಟ್ಟಿಗೆಯ ಈ ಬಾಯಾರಿಕೆ ಹಿಂದಿನವರಿಗೂ ಗೊತ್ತಿತ್ತು. ಸಿಂಧೂ ಕಣಿವೆಯ ಮೊಹೆಂಜೊದಾರೊದಲ್ಲಿ ನಾಲ್ಕು ಸಾವಿರ ವರ್ಷಗಳಿಗೂ ಹಿಂದೆ ಕಟ್ಟಿದ ಸ್ನಾನದ ಕೊಳವೊಂದಿದೆ. ಅದರ ತಳಕ್ಕೆ ಇಟ್ಟಿಗೆಗಳನ್ನು ಒತ್ತಾಗಿ ಜೋಡಿಸಿ, ಜಿಪ್ಸಂ ಗಾರೆಯಿಂದ ಬೆಸೆದಿದ್ದಾರೆ. ನೀರು ಸೋರದಿರಲೆಂದು ಡಾಂಬರಿನಂಥ ಅಂಟನ್ನೂ ಬಳಸಿದ್ದಾರೆ.

ದಿನದ ಕೆಲಸ

ನೆಲ ನೀರು ಕುಡಿಯುತ್ತದೆ ಎಂದಮೇಲೆ ಕೊಡಗಟ್ಟಲೆ ಸುರಿದು ತೊಳೆಯಬಾರದು. ಮೊದಲು ಮೆತ್ತನೆಯ ಪೊರಕೆಯಿಂದ ದೂಳು ಗುಡಿಸಿ. ಆಮೇಲೆ ಚೆನ್ನಾಗಿ ಹಿಂಡಿದ ಬಟ್ಟೆಯಿಂದ ಒರೆಸಿ, ಕಿಟಕಿ ತೆರೆದಿಡಿ. ಜಿಡ್ಡಿದ್ದರೆ ಬಕೆಟ್ ನೀರಿಗೆ ಸ್ವಲ್ಪವೇ ಸೋಪಿನ ದ್ರವ ಸಾಕು.

ಆಸಿಡ್ ಮಾತ್ರ ಬೇಡವೇ ಬೇಡ. ಅದು ಇಟ್ಟಿಗೆಗಳ ಸಂದಿನ ಸುಣ್ಣವನ್ನು ತಿಂದುಹಾಕುತ್ತದೆ. ನಿಂಬೆರಸ, ವಿನೆಗರ್‌ಗಳದೂ ಅದೇ ಗುಣ. ಆಸಿಡ್ ಜತೆ ಬ್ಲೀಚಿಂಗ್ ಪೌಡರ್ ಬೆರೆತರೆ ಶ್ವಾಸಕೋಶವನ್ನು ಸುಡುವ ಕ್ಲೋರಿನ್ ಅನಿಲ ಏಳುತ್ತದೆ.

ದೀಪದ ಎಣ್ಣೆ ಚೆಲ್ಲಿತೇ? ಉಜ್ಜಬೇಡಿ, ಉಜ್ಜಿದರೆ ಎಣ್ಣೆ ಇನ್ನಷ್ಟು ಒಳಗಿಳಿಯುತ್ತದೆ. ಮೊದಲು ಹಳೆಯ ಬಟ್ಟೆಯಿಂದ ಒತ್ತಿ ತೆಗೆಯಿರಿ. ಅದರ ಮೇಲೆ ಸೀಮೆಸುಣ್ಣದ ಪುಡಿಯನ್ನೋ ಮುಲ್ತಾನಿ ಮಿಟ್ಟಿಯನ್ನೋ ದಪ್ಪಗೆ ಹರಡಿ, ರಾತ್ರಿಯಿಡೀ ಬಿಟ್ಟು ಬೆಳಿಗ್ಗೆ ಗುಡಿಸಿ. ಕಲೆ ಹಳೆಯದಾದರೆ ಎರಡು ಮೂರು ಸಲ ಮಾಡಬೇಕಾದೀತು.

ಬಿಳಿ ಪುಡಿ ಎಲ್ಲಿಂದ ಬಂತು?

ಕೆಲವೊಮ್ಮೆ ನೆಲದ ಮೇಲೆ ಬೂದಿ ಉದುರಿದಂತೆ ಬಿಳಿ ಪುಡಿ ಕಾಣುತ್ತದೆ. ಅದು ಉಪ್ಪು. ಇಟ್ಟಿಗೆಯಲ್ಲೂ ಮಣ್ಣಿನಲ್ಲೂ ಇರುವ ಲವಣ ನೀರಿನಲ್ಲಿ ಕರಗಿ ಮೇಲೆ ಬರುತ್ತದೆ; ನೀರು ಆವಿಯಾಗಿ ಉಪ್ಪು ಉಳಿಯುತ್ತದೆ. ಗೋಕರ್ಣದ ಬಳಿಯ ಸಾಣಿಕಟ್ಟೆಯ ಉಪ್ಪಿನಾಗರದಲ್ಲಿ ನಡೆಯುವುದೂ ಇದೇ. ಆದ್ದರಿಂದ ಬಿಳಿ ಪುಡಿಯನ್ನು ನೀರಿನಿಂದ ತೊಳೆದರೆ ಅದು ಕರಗಿ ಮತ್ತೆ ಒಳಗೆ ಹೋಗುತ್ತದೆ. ಒಣ ಬ್ರಷ್‌ನಿಂದ ಉಜ್ಜಿ, ಗುಡಿಸಿ ಹೊರಗೆ ಹಾಕಿ.

ಪುಡಿ ಮತ್ತೆ ಮತ್ತೆ ಬಂದರೆ ಒಂದು ಪರೀಕ್ಷೆ ಮಾಡಿ. ಒಂದು ಮೊಳ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನೆಲಕ್ಕಿಟ್ಟು ನಾಲ್ಕೂ ಅಂಚಿಗೆ ಟೇಪ್ ಅಂಟಿಸಿ. ಮರುದಿನ ಹಾಳೆಯ ಅಡಿಯಲ್ಲಿ ಹನಿ ಕಟ್ಟಿದ್ದರೆ ತೇವ ಕೆಳಗಿನಿಂದಲೇ ಬರುತ್ತಿದೆ ಎಂದರ್ಥ. ಅಂಥ ನೆಲಕ್ಕೆ ವಾರ್ನಿಷ್ ಬಳಿದರೆ ತೇವ ಒಳಗೇ ಸಿಕ್ಕಿ ಇಟ್ಟಿಗೆ ಪುಡಿಯಾಗತೊಡಗುತ್ತದೆ. ಮೊದಲು ಗೋಡೆಯ ಬುಡದಲ್ಲಿ ಮಳೆನೀರು ನಿಲ್ಲದಂತೆ ನೋಡಿಕೊಳ್ಳಿ.

ಅಜ್ಜ ಅಜ್ಜಿಯರಿಗೆ ಎರಡು ಮಾತು

ಸಂದಿನ ಗಾರೆ ಉದುರಿದ್ದರೆ ಗಟ್ಟಿ ಸಿಮೆಂಟ್ ತುಂಬಿಸಬೇಡಿ. ಹಳೆಯ ಇಟ್ಟಿಗೆ ಅದಕ್ಕಿಂತ ಮೆತ್ತಗಿರುವುದರಿಂದ ಅಂಚು ಒಡೆಯುತ್ತದೆ. ಒಂದು ಪಾಲು ಅರಳಿದ ಸುಣ್ಣ, ಮೂರು ಪಾಲು ಜರಡಿ ಹಿಡಿದ ಮರಳಿನ ಗಾರೆ ಒಳ್ಳೆಯದು. ತುಂಬಿದ ಮೇಲೆ ಬೇಗ ಒಣಗದಂತೆ ಒದ್ದೆ ಗೋಣಿ ಹಾಸಿಡಿ. ಸುಣ್ಣ ಕಣ್ಣಿಗೆ ಅಪಾಯ; ಈ ಕೆಲಸ ದೊಡ್ಡವರದೇ.

ಚೆನ್ನಾಗಿ ಒಣಗಿದ ನೆಲಕ್ಕೆ ಹೊಳಪು ಬರಲು ಬಣ್ಣದಂಗಡಿಯಲ್ಲಿ ಸಿಗುವ ಅಗಸೆ ಎಣ್ಣೆಯನ್ನು ತೆಳ್ಳಗೆ ಹಚ್ಚುವುದುಂಟು. ಹೆಚ್ಚಾದದ್ದನ್ನು ಆಗಲೇ ಒರೆಸಿಬಿಡಿ. ಇಲ್ಲದಿದ್ದರೆ ಅಂಟಂಟಾಗಿ ದೂಳು ಹಿಡಿಯುತ್ತದೆ, ಕಾಲೂ ಜಾರುತ್ತದೆ. ಪೂರ್ತಿ ಒಣಗುವವರೆಗೆ ಯಾರೂ ಅದರ ಮೇಲೆ ಓಡಾಡಬಾರದು.

ಒರೆಸಿದ ಬಟ್ಟೆಯ ವಿಷಯದಲ್ಲಿ ಇನ್ನೂ ಹೆಚ್ಚು ಎಚ್ಚರ ಬೇಕು. ಅಗಸೆ ಎಣ್ಣೆ ಗಾಳಿಯ ಆಮ್ಲಜನಕದೊಂದಿಗೆ ಸೇರಿ ಒಣಗುವಾಗ ಬಿಸಿಯಾಗುತ್ತದೆ. ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆಸೆದರೆ ಶಾಖ ಹೊರಹೋಗಲಾರದೆ, ಬೆಂಕಿಕಡ್ಡಿ ಗೀರದೆಯೇ ಹೊತ್ತಿಕೊಳ್ಳಬಹುದು. ಅದನ್ನು ನೀರು ತುಂಬಿದ ಬಕೆಟ್‌ನಲ್ಲಿ ಮುಳುಗಿಸಿ, ಇಲ್ಲವೇ ಮನೆಯ ಹೊರಗೆ ಒಂದೇ ಪದರವಾಗಿ ಹರಡಿ ಒಣಗಿಸಿ.

ಮಕ್ಕಳೇ, ಈ ಭಾನುವಾರ ನಿಮಗೊಂದು ಕೆಲಸ: ಮನೆಯ ನೆಲವನ್ನು ಸಾಲು ಸಾಲಾಗಿ ನೋಡಿ, ಅಲುಗಾಡುವ ಇಟ್ಟಿಗೆಗಳಿಗೆಲ್ಲ ಸೀಮೆಸುಣ್ಣದಿಂದ ಗುರುತು ಹಾಕಿ, ಲೆಕ್ಕವನ್ನು ಅಜ್ಜನಿಗೆ ಒಪ್ಪಿಸಿ. ರಾತ್ರಿ ಎದ್ದು ಓಡಾಡುವ ಅಜ್ಜಿ ಎಡವುವ ಮೊದಲೇ ಅದು ಸರಿಯಾಗಲಿ.