ಕತ್ತಲಲ್ಲಿ ಮೂಡಿದ ತಾಯಿ-ಮಗನ ನಂಟು

ಕಾಗದಪತ್ರದ ಕಷ್ಟ ಗಡಿನಾಡಿನ ನಮಗೆ ಹೊಸದಲ್ಲ. ಅದಕ್ಕೇ ಈ ಸಂಗತಿ ನನ್ನ ಮನಸ್ಸಿಗೆ ನಾಟಿತು.

ಘಾನಾದಿಂದ ಬ್ರಿಟನ್ನಿನ ತಾಯಿಯ ಬಳಿಗೆ ಮರಳಿದ ಹುಡುಗನೊಬ್ಬನನ್ನು ಅಧಿಕಾರಿಗಳು ಶಂಕಿಸಿದರು: ಇವನು ಆಕೆಯ ಮಗನೋ, ಅಕ್ಕತಂಗಿಯರ ಮಗನೋ? 1985ರಲ್ಲಿ ಲೆಸ್ಟರ್ ವಿಶ್ವವಿದ್ಯಾಲಯದ ಅಲೆಕ್ ಜೆಫ್ರೀಸ್ ಇಬ್ಬರ ರಕ್ತವನ್ನೂ ಆಕೆಯ ಇನ್ನು ಮೂವರು ಮಕ್ಕಳ ರಕ್ತವನ್ನೂ ಪರೀಕ್ಷಿಸಿದರು. ಡಿಎನ್‌ಎ ಕತ್ತರಿಸಿ, ತುಂಡುಗಳನ್ನು ಉದ್ದದ ಪ್ರಕಾರ ಬೇರ್ಪಡಿಸಿ, ತೆಳು ಹಾಳೆಗೆ ಇಳಿಸಿ, ವಿಕಿರಣ ಸೂಸುವ ರಂಜಕದ ಗುರುತು ಅಂಟಿಸುವುದು ಕ್ರಮ. ಮೇಲೆ ಎಕ್ಸ್‌ರೇ ಫಿಲ್ಮು ಇಟ್ಟು ಕತ್ತಲಲ್ಲಿ ದಿನಗಟ್ಟಲೆ ಕಾಯಬೇಕು. ಫಿಲ್ಮು ತೊಳೆದಾಗ ಕಪ್ಪು ಗೆರೆಗಳು ಕಾಣುತ್ವೆ. ಇದೇ ಆಟೋರೇಡಿಯೋಗ್ರಫಿ. ಕ್ಯಾಮೆರಾ ಬೇಡ, ವಸ್ತುವೇ ತನ್ನ ಚಿತ್ರ ಬರೆಯುತ್ತೆ.

ಆ ಮಕ್ಕಳ ತಂದೆಯ ಕಡೆಯ ಗೆರೆಗಳಲ್ಲಿ ಅರ್ಧದಷ್ಟು ಹುಡುಗನಲ್ಲೂ ಇದ್ದವು, ಅವನ ಉಳಿದ ಗೆರೆಗಳೆಲ್ಲ ತಾಯಿಯಲ್ಲಿದ್ದವು. ಸರ್ಕಾರ ಕೇಸು ಕೈಬಿಟ್ಟಿತು.

ಆಮೇಲೆ ಫಾಸ್ಫರ್ ತಟ್ಟೆ ಬಂತು. ವಿಕಿರಣದ ಗುರುತನ್ನು ಅದು ಹಿಡಿದಿಡುತ್ತೆ, ಲೇಸರ್ ಓದುತ್ತೆ. ದಿನಗಳ ಕೆಲಸ ಗಂಟೆಗಳಿಗೆ ಇಳೀತು. ಈಗಿನ ಡಿಎನ್‌ಎ ಗುರುತು ಪರೀಕ್ಷೆಗೆ ಹೊಳೆಯುವ ಬಣ್ಣವೇ ಸಾಕು. ಆದ್ರೆ ಠಸ್ಸೆ ನಂಬದ ತಾಯಿಯ ಮಾತಿಗೆ ಸಾಕ್ಷಿ ನಿಂತದ್ದು ಆ ಕಪ್ಪು ಗೆರೆಯ ಫಿಲ್ಮೇ ಅಂತೀನಿ ನಾನು.